ಪ್ರಿಂಟರ್ ವೈಫೈಗೆ ಸೇರದಿದ್ದಾಗ: ತೊಂದರೆ ಯಾವ ಹಂತದಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ವೈಫೈ ಪ್ರಿಂಟರ್ ಜೋಡಿಸುವುದು ನೋಡುವುದಕ್ಕೆ ಒಂದೇ ಕೆಲಸ. ಒಳಗೆ ನಡೆಯುವುದು ಮೂರು. ಮೊದಲು ಪ್ರಿಂಟರ್ ಮನೆಯ ರೂಟರಿನ ವೈಫೈಗೆ ಸೇರಬೇಕು. ಆಮೇಲೆ ರೂಟರ್ ಅದಕ್ಕೊಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡಬೇಕು. ಕೊನೆಗೆ ಕಂಪ್ಯೂಟರ್ ಅಥವಾ ಫೋನು ಆ ವಿಳಾಸದಲ್ಲಿರುವ ಪ್ರಿಂಟರನ್ನು ಹುಡುಕಿ, ಅದಕ್ಕೆ ಅರ್ಥವಾಗುವ ರೂಪದಲ್ಲಿ ಪುಟ ಕಳಿಸಬೇಕು. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ: ‘ಪ್ರಿಂಟರ್ ಸಿಗುತ್ತಿಲ್ಲ’, ಇಲ್ಲವೇ ‘ಆಫ್‌ಲೈನ್’. ಹಾಗಾಗಿ ಡ್ರೈವರ್ (ಪ್ರಿಂಟರಿಗೆ ಅರ್ಥವಾಗುವಂತೆ ಪುಟ ಕಳಿಸುವ ತಂತ್ರಾಂಶ) ಕೆಟ್ಟಿದ್ದರೆ ರೂಟರ್ ರೀಸೆಟ್ ಮಾಡುವುದು, ಪಾಸ್‌ವರ್ಡ್ ತಪ್ಪಿದ್ದರೆ ಡ್ರೈವರನ್ನು ತೆಗೆದು ಮತ್ತೆ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಯಾವ ಹಂತದಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ತಿಳಿದುಕೊಂಡರೆ ಅರ್ಧ ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಶುರು ಮಾಡುವ ಮುಂಚೆ ನೋಡಬೇಕಾದದ್ದು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ತರಂಗಾಂತರದಲ್ಲಿ. ಈಗಿನ ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುತ್ತವೆ. ಮನೆಬಳಕೆಯ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು. ಇದನ್ನು ಕೊರತೆ ಎಂದುಕೊಳ್ಳಬೇಕಿಲ್ಲ. ಪುಟ ಮುದ್ರಿಸುವುದಕ್ಕೆ ಭಾರಿ ವೇಗ ಬೇಡ, 2.4ರ ಅಲೆಗಳು ಗೋಡೆ ದಾಟುವುದರಲ್ಲಿ 5ಕ್ಕಿಂತ ಮೇಲು. ತೊಂದರೆ ಬರುವುದು ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟಾಗ. ಫೋನು ತಾನಾಗಿ 5ಕ್ಕೆ ಅಂಟಿಕೊಂಡಿರುತ್ತದೆ, ಪ್ರಿಂಟರ್ ಕಂಪನಿಯ ಆ್ಯಪ್ ‘ಫೋನು ಇರುವ ನೆಟ್‌ವರ್ಕಿಗೇ ಪ್ರಿಂಟರನ್ನೂ ಸೇರಿಸುತ್ತೇನೆ’ ಎಂದು ಹೊರಡುತ್ತದೆ, ಮಧ್ಯದಲ್ಲೇ ನಿಂತುಬಿಡುತ್ತದೆ. ಪರಿಹಾರ ಸರಳ: ರೂಟರಿನ ಸೆಟ್ಟಿಂಗಿನಲ್ಲಿ 5 ಗಿಗಾಹರ್ಟ್ಸನ್ನು ಜೋಡಣೆ ಮುಗಿಯುವವರೆಗೆ ಆಫ್ ಮಾಡಿ, ಅಥವಾ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಪ್ರಿಂಟರ್ ಒಮ್ಮೆ ಸೇರಿದ ಮೇಲೆ 5 ಮತ್ತೆ ಆನ್ ಮಾಡಬಹುದು. ಪ್ರಿಂಟರ್ 2.4ರಲ್ಲಿ, ಲ್ಯಾಪ್‌ಟಾಪ್ 5ರಲ್ಲಿ ಇದ್ದರೆ ಮುದ್ರಣಕ್ಕೇನೂ ಅಡ್ಡಿಯಿಲ್ಲ. ಎರಡೂ ಒಂದೇ ರೂಟರಿನ ಒಂದೇ ನೆಟ್‌ವರ್ಕಿನೊಳಗೆ ಇದ್ದರೆ ಸಾಕು. ಇದು ತಿಳಿಯದೆ ಲ್ಯಾಪ್‌ಟಾಪನ್ನೂ ನಿಧಾನದ 2.4ರಲ್ಲೇ ಕಟ್ಟಿಹಾಕಿಕೊಂಡವರು ಬಹಳ.

ಎರಡನೆಯದು ಭದ್ರತೆಯ ಬಗೆ. ವೈಫೈ ಮಾತುಕತೆಯನ್ನು ಗುಟ್ಟಾಗಿಡುವ ವಿಧಾನಗಳಲ್ಲಿ 2018ರಲ್ಲಿ ಬಂದ ಡಬ್ಲ್ಯೂಪಿಎ3 ಹಳೆಯ ಪ್ರಿಂಟರುಗಳಿಗೆ ಗೊತ್ತಿಲ್ಲ. ರೂಟರಿನಲ್ಲಿ ‘ಡಬ್ಲ್ಯೂಪಿಎ3 ಮಾತ್ರ’ ಎಂದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರಿಂಟರ್ ಸೇರುವುದಿಲ್ಲ, ಎಷ್ಟೋ ಸಲ ‘ಪಾಸ್‌ವರ್ಡ್ ತಪ್ಪು’ ಎಂದೇ ತೋರಿಸುತ್ತದೆ. ರೂಟರನ್ನು ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ನಡೆಯುವ ಮಿಶ್ರ ಸ್ಥಿತಿಗೆ ತನ್ನಿ. ಅದರಲ್ಲೂ ಆಗದಿದ್ದರೆ 2.4 ಗಿಗಾಹರ್ಟ್ಸ್‌ಗೆ ಮಾತ್ರ ಡಬ್ಲ್ಯೂಪಿಎ2, ಎಇಎಸ್ ಆಯ್ಕೆ ಮಾಡಿ. ಪ್ರಿಂಟರ್ ಸೇರಲಿ ಎಂದು ಪಾಸ್‌ವರ್ಡನ್ನೇ ತೆಗೆದುಹಾಕುವುದು ಅಥವಾ ಹಳೆಯ, ಸುಲಭವಾಗಿ ಒಡೆಯಬಹುದಾದ ಡಬ್ಲ್ಯೂಇಪಿಗೆ ಇಳಿಯುವುದು ಮಾತ್ರ ಬೇಡವೇ ಬೇಡ.

ವೈಫೈ ಹೆಸರಿನ ವಿಷಯವೂ ಇದೆ. ಹೆಸರಿಗೆ ಇರುವ ಮಿತಿ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತ ಚಿಹ್ನೆಗೆ ಮೂರು ಮೂರು ಬೈಟ್ ಬೇಕು. ಕನ್ನಡದಲ್ಲೋ ಇಮೋಜಿಯಲ್ಲೋ ಹೆಸರಿಟ್ಟರೆ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಪ್ರಿಂಟರಿನ ಚಿಕ್ಕ ಪರದೆಯಲ್ಲಿ ಚೌಕಗಳಾಗಿ ಕಾಣಬಹುದು ಅಥವಾ ಪಟ್ಟಿಯಲ್ಲಿ ಬಾರದೆಯೂ ಹೋಗಬಹುದು. ಪ್ರಿಂಟರ್ ಇರುವ ಮನೆಯಲ್ಲಿ ಸಾದಾ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಹೆಸರು ಕ್ಷೇಮ. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು, ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ.

ಪ್ರಿಂಟರನ್ನು ಸೇರಿಸುವ ದಾರಿಗಳು

ಪ್ರಿಂಟರಿಗೆ ಟಚ್ ಪರದೆಯೋ ಬಾಣದ ಗುಂಡಿಗಳಿರುವ ಚಿಕ್ಕ ಪರದೆಯೋ ಇದ್ದರೆ ಅದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಮೆನುವಿನಲ್ಲಿ ‘ನೆಟ್‌ವರ್ಕ್’ ಅಥವಾ ‘ವೈರ್‌ಲೆಸ್’ ಒಳಗೆ ‘ವೈರ್‌ಲೆಸ್ ಸೆಟಪ್ ವಿಝಾರ್ಡ್’ ಎಂಬಂಥ ಆಯ್ಕೆ ಇರುತ್ತದೆ. ಅದು ಸುತ್ತಲಿನ ವೈಫೈಗಳ ಪಟ್ಟಿ ತೋರಿಸುತ್ತದೆ, ನಿಮ್ಮದನ್ನು ಆರಿಸಿ, ಪಾಸ್‌ವರ್ಡ್ ಹಾಕಿ. ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ ಮೇಲೆ ಹೇಳಿದ 5 ಗಿಗಾಹರ್ಟ್ಸ್ ಸಂಗತಿಯನ್ನು ನೋಡಿ, ಇಲ್ಲವೇ ರೂಟರಿನಲ್ಲಿ ಹೆಸರು ಮರೆಮಾಡುವ ಆಯ್ಕೆ ಆನ್ ಆಗಿದೆಯೇ ಎಂದು ನೋಡಿ. ಪಾಸ್‌ವರ್ಡ್ ಹಾಕುವಾಗ ಒಂದು ಎಚ್ಚರಿಕೆ: ಎಷ್ಟೋ ಪರದೆಗಳು ಮೊದಲ ಅಕ್ಷರವನ್ನು ದೊಡ್ಡಕ್ಷರವಾಗಿಯೇ ತೋರಿಸುತ್ತವೆ. ಸೊನ್ನೆಯನ್ನೂ ‘ಓ’ ಅಕ್ಷರವನ್ನೂ ಗೊಂದಲ ಮಾಡಿಕೊಳ್ಳುವುದು ಕೂಡ ಇಲ್ಲಿಯೇ.

ಪರದೆ ಇಲ್ಲದ, ಎರಡು ಮೂರು ಗುಂಡಿಗಳಷ್ಟೇ ಇರುವ ಪ್ರಿಂಟರಿಗೆ ಎರಡು ದಾರಿ.

ಒಂದು, ಡಬ್ಲ್ಯೂಪಿಎಸ್ ಗುಂಡಿ, ಅಂದರೆ ಗುಂಡಿ ಒತ್ತಿಯೇ ವೈಫೈಗೆ ಸೇರಿಸುವ ವ್ಯವಸ್ಥೆ. ಪ್ರಿಂಟರಿನ ವೈಫೈ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ದೀಪ ಮಿನುಗಲು ಶುರುವಾಗುತ್ತದೆ. ಎಷ್ಟು ಸೆಕೆಂಡು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಕೈಪಿಡಿ ನೋಡಬೇಕು. ಅದಾಗಿ 2 ನಿಮಿಷದೊಳಗೆ ರೂಟರಿನ ಡಬ್ಲ್ಯೂಪಿಎಸ್ ಗುಂಡಿ ಒತ್ತಬೇಕು. ಆ 2 ನಿಮಿಷದ ಕಿಟಕಿ ಮುಚ್ಚಿದರೆ ಮೊದಲಿಂದ ಶುರು. ಪಾಸ್‌ವರ್ಡ್ ಬೇಡ ಎನ್ನುವುದೇ ಇದರ ಸುಖ. ಆದರೆ ವೈಫೈ ಹೆಸರು ಮರೆಮಾಡಿದ್ದರೆ ಅಥವಾ ‘ಡಬ್ಲ್ಯೂಪಿಎ3 ಮಾತ್ರ’ ಎಂದಿದ್ದರೆ ಇದು ನಡೆಯುವುದಿಲ್ಲ, ಈಚಿನ ಕೆಲವು ರೂಟರುಗಳಲ್ಲಿ ಆ ಗುಂಡಿಯೇ ಇಲ್ಲ. ಡಬ್ಲ್ಯೂಪಿಎಸ್‌ನಲ್ಲಿ 8 ಅಂಕಿಯ ಪಿನ್ ಹಾಕುವ ಇನ್ನೊಂದು ಬಗೆಯಿದೆ. ಅದನ್ನು ಊಹಿಸಿ ಒಡೆಯುವುದು ಸುಲಭ ಎಂದು 2011ರಲ್ಲೇ ಬಯಲಾಯಿತು. ರೂಟರಿನಲ್ಲಿ ಪಿನ್ ಬಗೆಯನ್ನು ಆಫ್ ಮಾಡಿ, ಗುಂಡಿಯ ಬಗೆಯನ್ನು ಬೇಕಾದಾಗ ಮಾತ್ರ ಬಳಸಿ.

ಇನ್ನೊಂದು, ಕಂಪನಿಯ ಆ್ಯಪ್. ಸೆಟಪ್ ಸ್ಥಿತಿಯಲ್ಲಿ ಪ್ರಿಂಟರ್ ತಾನೇ ಒಂದು ತಾತ್ಕಾಲಿಕ ವೈಫೈ ಹೊರಡಿಸುತ್ತದೆ. ಆ್ಯಪ್ ಫೋನನ್ನು ಆ ವೈಫೈಗೆ ಸೇರಿಸಿ, ನಿಮ್ಮ ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಪ್ರಿಂಟರಿಗೆ ದಾಟಿಸುತ್ತದೆ. ಆಮೇಲೆ ಪ್ರಿಂಟರ್ ತನ್ನ ವೈಫೈ ಮುಚ್ಚಿ ಮನೆಯದಕ್ಕೆ ಸೇರುತ್ತದೆ, ಫೋನೂ ಹಿಂದಿರುಗುತ್ತದೆ. ಈ ದಾಟುವಿಕೆಯಲ್ಲಿ ಕೆಡುವುದು ಹೆಚ್ಚಾಗಿ ಫೋನಿನ ಕಡೆಯಿಂದ. ಪ್ರಿಂಟರಿನ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ. ಅದನ್ನು ಕಂಡ ಫೋನು ‘ಈ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲ’ ಎಂದು ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಆ್ಯಪಿಗೆ ಪ್ರಿಂಟರ್ ಕೈತಪ್ಪುತ್ತದೆ. ಹಾಗಾಗಿ ಸೆಟಪ್ ಮುಗಿಯುವವರೆಗೆ ಮೊಬೈಲ್ ಡೇಟಾ ಮತ್ತು ವಿಪಿಎನ್ (ಮಾತುಕತೆಯನ್ನೆಲ್ಲ ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ) ಎರಡನ್ನೂ ಆಫ್ ಮಾಡಿ. ‘ಇದರಲ್ಲೇ ಇರಬೇಕೇ’ ಎಂದು ಕೇಳಿದರೆ ಹೌದು ಎನ್ನಿ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಲೊಕೇಶನ್ ಅನುಮತಿ ಕೇಳಿದರೆ ಗಾಬರಿ ಬೇಡ: ಸುತ್ತಲಿನ ವೈಫೈಗಳ ಪಟ್ಟಿ ಓದಲು ಅನೇಕ ಆವೃತ್ತಿಗಳಲ್ಲಿ ಆ ಅನುಮತಿ ಬೇಕೇ ಬೇಕು. ಐಫೋನಿನಲ್ಲಿ ಐಓಎಸ್ 14ರಿಂದ ‘ಲೋಕಲ್ ನೆಟ್‌ವರ್ಕ್’ ಎಂಬ ಬೇರೆ ಅನುಮತಿ ಬಂದಿದೆ. ಅವಸರದಲ್ಲಿ ಬೇಡ ಎಂದುಬಿಟ್ಟರೆ ಆ್ಯಪಿಗೆ ಪ್ರಿಂಟರ್ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಅದನ್ನು ಮತ್ತೆ ಕೊಡಬಹುದು.

ಸೆಟಪ್ ಸ್ಥಿತಿಗೂ ಅವಧಿ ಇರುತ್ತದೆ. ಎಚ್‌ಪಿಯ ಅನೇಕ ಮಾದರಿಗಳಲ್ಲಿ 2 ಗಂಟೆ. ಪ್ರಿಂಟರನ್ನು ಬೆಳಿಗ್ಗೆ ಆನ್ ಮಾಡಿ ಸಂಜೆ ಆ್ಯಪ್ ತೆರೆದರೆ ಏನೂ ಕಾಣದಿರುವುದು ಅದಕ್ಕೇ. ಪ್ರಿಂಟರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ರೀಸ್ಟೋರ್ ಮಾಡಿದರೆ ಸೆಟಪ್ ಸ್ಥಿತಿ ಮರಳಿ ಬರುತ್ತದೆ. ಜೊತೆಗೆ ಹಿಂಬದಿಯಲ್ಲಿ ಇಥರ್ನೆಟ್ ಕೇಬಲ್ ಚುಚ್ಚಿದೆಯೇ ನೋಡಿ: ಕೇಬಲ್ ಇದ್ದರೆ ವೈಫೈಯನ್ನು ತಾನಾಗಿ ಆಫ್ ಮಾಡುವ ಪ್ರಿಂಟರುಗಳು ಸಾಕಷ್ಟಿವೆ.

ಸೆಟಪ್ ಮಾಡುವಾಗ ಪ್ರಿಂಟರನ್ನು ರೂಟರಿನ ಹತ್ತಿರವೇ ಇಟ್ಟುಕೊಳ್ಳಿ, ಆಮೇಲೆ ಅದರ ಜಾಗಕ್ಕೆ ಒಯ್ಯಿರಿ. ಅಲ್ಲಿ ಸೇರದಿದ್ದರೆ ತೊಂದರೆ ಸಿಗ್ನಲಿನದ್ದು ಎಂದು ತಾನಾಗಿ ಗೊತ್ತಾಗುತ್ತದೆ.

ಆ ಒಂದು ಹಾಳೆ

ಪ್ರಿಂಟರುಗಳ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಹುತೇಕ ಎಲ್ಲ ವೈಫೈ ಪ್ರಿಂಟರುಗಳೂ ಕಂಪ್ಯೂಟರಿನ ಸಹಾಯವಿಲ್ಲದೆ ತಮ್ಮ ನೆಟ್‌ವರ್ಕ್ ಸ್ಥಿತಿಯನ್ನು ತಾವೇ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡುತ್ತವೆ. ಪರದೆ ಇದ್ದರೆ ಮೆನುವಿನ ರಿಪೋರ್ಟ್ ಭಾಗದಲ್ಲಿ, ಇಲ್ಲದಿದ್ದರೆ ಒಂದೆರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಅದು ಬರುತ್ತದೆ. ವೈಫೈ ಹೆಸರು, ಸಿಗ್ನಲ್ ಬಲ, ಐಪಿ ವಿಳಾಸ, ಮ್ಯಾಕ್ ವಿಳಾಸ (ತಯಾರಿಕೆಯಲ್ಲೇ ಸಾಧನಕ್ಕೆ ಕೊಟ್ಟ ಗುರುತು ಸಂಖ್ಯೆ) ಎಲ್ಲ ಅದರಲ್ಲಿರುತ್ತವೆ. ಊಹೆಗೆ ಅಲ್ಲಿಗೆ ಕೊನೆ.

ಐಪಿ ವಿಳಾಸದ ಸಾಲು ನೋಡಿ. 0.0.0.0 ಎಂದಿದ್ದರೆ ಅಥವಾ ಖಾಲಿಯಿದ್ದರೆ ಪ್ರಿಂಟರ್ ವೈಫೈಗೆ ಸೇರಿಯೇ ಇಲ್ಲ. ಅದು ಮೊದಲ ಹಂತದ ತೊಂದರೆ: ಪಾಸ್‌ವರ್ಡ್, ತರಂಗಾಂತರ, ಭದ್ರತೆಯ ಬಗೆ ಇವನ್ನು ತಡಕಬೇಕು. 169.254 ಎಂದು ಶುರುವಾಗಿದ್ದರೆ ಪ್ರಿಂಟರ್ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಅದು ಎರಡನೇ ಹಂತ. ರೂಟರಿನ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೌಲಭ್ಯ, ಆಫ್ ಆಗಿರಬಹುದು, ಹಂಚುವ ವಿಳಾಸಗಳು ಮುಗಿದಿರಬಹುದು, ಅಥವಾ ಸಿಗ್ನಲ್ ತೀರಾ ಕ್ಷೀಣವಾಗಿರಬಹುದು. ರೂಟರನ್ನು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಅದು ಪೂರ್ತಿ ಎದ್ದ ಮೇಲೆ ಪ್ರಿಂಟರ್ ಆನ್ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

192.168.1.23 ಎಂಬಂಥ ವಿಳಾಸವಿದ್ದರೆ ಇನ್ನೊಂದು ಪರೀಕ್ಷೆ ಉಳಿದಿದೆ, ಅದೇ ಅತಿ ಮುಖ್ಯ. ಅದೇ ವೈಫೈಯಲ್ಲಿರುವ ಫೋನಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಹಾಗೇ ಟೈಪ್ ಮಾಡಿ. ಪ್ರಿಂಟರಿನ ಒಳಗೇ ಇರುವ ಪುಟ್ಟ ವೆಬ್ ಪುಟ ತೆರೆಯುತ್ತದೆ, ಶಾಯಿಯ ಮಟ್ಟ ಇತ್ಯಾದಿ ಕಾಣುತ್ತದೆ. ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರಬಹುದು. ಪ್ರಿಂಟರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಅದು ಬರುತ್ತದೆ, ಹಾಳೆಯಲ್ಲಿರುವ ವಿಳಾಸವನ್ನೇ ಹಾಕಿದ್ದೀರಿ ಎಂದು ಖಾತ್ರಿ ಇದ್ದರೆ ಮುಂದುವರಿಯಬಹುದು. ಪುಟ ತೆರೆದರೆ ಮೊದಲೆರಡು ಹಂತ ಸರಿಯಾಗಿವೆ. ಇನ್ನು ರೂಟರನ್ನೂ ಪ್ರಿಂಟರನ್ನೂ ಮುಟ್ಟಬೇಡಿ, ಹುಡುಕಾಟ ಕಂಪ್ಯೂಟರಿನೊಳಗೆ.

ತೆರೆಯದಿದ್ದರೆ? ಫೋನಿನ ವಿಳಾಸವನ್ನೂ ನೋಡಿ. ಪ್ರಿಂಟರಿನದು 192.168.1 ಎಂದೂ ಫೋನಿನದು 192.168.0 ಎಂದೂ ಶುರುವಾದರೆ ಮನೆಯಲ್ಲಿ ಎರಡು ನೆಟ್‌ವರ್ಕುಗಳಿವೆ. ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿಗೆ ನೀವು ಕೊಂಡ ಇನ್ನೊಂದು ರೂಟರನ್ನು ಜೋಡಿಸಿದಾಗ ಹೀಗಾಗುತ್ತದೆ. ಎರಡನೆಯದನ್ನು ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ‘ಆ್ಯಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಿಸಿದರೆ ಎರಡೂ ಒಂದಾಗುತ್ತವೆ. ವಿಳಾಸಗಳು ಒಂದೇ ಬಗೆಯವಾಗಿದ್ದೂ ಪುಟ ತೆರೆಯದಿದ್ದರೆ ಗೆಸ್ಟ್ ವೈಫೈ ಮೇಲೆ ಅನುಮಾನ ಪಡಿ. ಅತಿಥಿಗಳ ಫೋನು ಮನೆಯ ಸಾಧನಗಳನ್ನು ಮುಟ್ಟದಂತೆ ತಡೆಯುವುದೇ ಗೆಸ್ಟ್ ವೈಫೈ ಇರುವ ಉದ್ದೇಶ, ಪ್ರಿಂಟರನ್ನೂ ಅದು ಹಾಗೆಯೇ ತಡೆಯುತ್ತದೆ. ಮುಖ್ಯ ವೈಫೈಗೂ ಈ ತಡೆ ಕೆಲವು ರೂಟರುಗಳಲ್ಲಿ ‘ಎಪಿ ಐಸೊಲೇಶನ್’ ಎಂಬ ಹೆಸರಿನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಬೇಕು.

ಕಂಪ್ಯೂಟರಿಗೆ, ಫೋನಿಗೆ ಸೇರಿಸುವುದು

ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಬ್ಲೂಟೂತ್ ಅಂಡ್ ಡಿವೈಸಸ್’, ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಹೀಗೆ ಹೋಗಿ ‘ಆ್ಯಡ್ ಡಿವೈಸ್’ ಒತ್ತಿ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ‘ಸಿಸ್ಟಮ್ ಸೆಟ್ಟಿಂಗ್ಸ್’ ಒಳಗೆ ಅದೇ ಹೆಸರಿನ ವಿಭಾಗವಿದೆ. ಐಫೋನ್, ಐಪ್ಯಾಡ್‌ಗಳಿಗೆ ಏನನ್ನೂ ಸೇರಿಸಬೇಕಿಲ್ಲ: ಪ್ರಿಂಟರಿನಲ್ಲಿ ಏರ್‌ಪ್ರಿಂಟ್ ಇದ್ದರೆ ಶೇರ್ ಮೆನುವಿನ ‘ಪ್ರಿಂಟ್’ ಒತ್ತಿದಾಗ ತಾನಾಗಿ ಕಾಣುತ್ತದೆ. ಆ್ಯಪಲ್ ಇದನ್ನು ತಂದದ್ದು 2010ರಲ್ಲಿ, ಅದಕ್ಕಿಂತ ಹಳೆಯ ಪ್ರಿಂಟರಿನಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಪ್ರಿಂಟಿಂಗ್’ ಎಂದು ಹುಡುಕಿ, ‘ಡೀಫಾಲ್ಟ್ ಪ್ರಿಂಟ್ ಸರ್ವಿಸ್’ ಆನ್ ಇದೆಯೇ ನೋಡಿ. ಮೋಪ್ರಿಯಾ (ಫೋನಿನಿಂದ ನೇರವಾಗಿ ಮುದ್ರಿಸಲು ಇರುವ ಒಂದು ಮಾನದಂಡ) ಗುರುತಿರುವ ಪ್ರಿಂಟರುಗಳು ಅಷ್ಟಕ್ಕೇ ಸಿಗುತ್ತವೆ.

ಪ್ರಿಂಟರ್ ಪಟ್ಟಿಯಲ್ಲಿ ಕಾಣದಿದ್ದರೆ ಕಾರಣ ಹುಡುಕುವ ವಿಧಾನದಲ್ಲಿದೆ. ಕಂಪ್ಯೂಟರ್ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ’ ಎಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಒಂದು ಕೂಗು ಹಾಕುತ್ತದೆ, ಪ್ರಿಂಟರ್ ಓಗೊಡುತ್ತದೆ. ತಾಂತ್ರಿಕವಾಗಿ ಇದು ಮಲ್ಟಿಕಾಸ್ಟ್. ಒಂದಕ್ಕಿಂತ ಹೆಚ್ಚು ಘಟಕಗಳಿಂದ ವೈಫೈ ಹರಡುವ ಕೆಲವು ಮೆಶ್ ರೂಟರುಗಳು, ರಿಪೀಟರುಗಳು ಈ ಕೂಗನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸುವುದಿಲ್ಲ. ವಿಂಡೋಸ್‌ನಲ್ಲಿ ಮನೆಯ ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿದ್ದರೆ ಫೈರ್‌ವಾಲ್ ಆ ಉತ್ತರವನ್ನು ಒಳಗೆ ಬಿಡದಿರಬಹುದು. ಅದನ್ನು ‘ಪ್ರೈವೇಟ್’ ಮಾಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಓಡುತ್ತಿದ್ದರೆ ಎಲ್ಲ ಮಾತುಕತೆಯೂ ಆಫೀಸಿನ ಕಡೆ ಹೋಗುವುದರಿಂದ ಪಕ್ಕದಲ್ಲಿರುವ ಪ್ರಿಂಟರೂ ಸಿಗುವುದಿಲ್ಲ. ಆ ಲ್ಯಾಪ್‌ಟಾಪಿನ ಸೆಟ್ಟಿಂಗ್ ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೆ ಫೈಲನ್ನು ಫೋನಿಗೆ ಕಳಿಸಿ ಮುದ್ರಿಸುವುದು ಒಂದು ಉಪಾಯ, ಆಫೀಸಿನ ನಿಯಮ ಅದಕ್ಕೆ ಒಪ್ಪಿದರೆ ಮಾತ್ರ.

ಹುಡುಕಾಟವೇ ಕೈಕೊಟ್ಟರೂ ವಿಳಾಸ ಕೈಯಲ್ಲಿದೆಯಲ್ಲ. ವಿಂಡೋಸ್‌ನಲ್ಲಿ ‘ಆ್ಯಡ್ ಡಿವೈಸ್’ ಒತ್ತಿದ ಸ್ವಲ್ಪ ಹೊತ್ತಿಗೆ ಕೆಳಗೆ ‘ಆ್ಯಡ್ ಮ್ಯಾನ್ಯುವಲಿ’ ಎಂಬ ಆಯ್ಕೆ ಬರುತ್ತದೆ. ಅದರಲ್ಲಿ ಐಪಿ ವಿಳಾಸದ ಮೂಲಕ ಸೇರಿಸುವ ಸಾಲು ಆರಿಸಿ, ಹಾಳೆಯಲ್ಲಿದ್ದ ವಿಳಾಸ ಕೊಡಿ. ನನ್ನ ಮಟ್ಟಿಗೆ ಮನೆಯ ವಿಂಡೋಸ್ ಕಂಪ್ಯೂಟರಿಗೆ ಇದೇ ಉತ್ತಮ ದಾರಿ, ಪ್ರಿಂಟರ್ ಪಟ್ಟಿಯಲ್ಲಿ ತಾನಾಗಿ ಕಂಡರೂ ಸಹ. ತಾನಾಗಿ ಸೇರಿದ ಪ್ರಿಂಟರಿಗೆ ವಿಂಡೋಸ್ ಅನೇಕ ಸಲ ಡಬ್ಲ್ಯೂಎಸ್‌ಡಿ ಎಂಬ ಬಗೆಯ ಪೋರ್ಟ್ (ಪುಟ ಕಳಿಸುವ ದಾರಿ) ಕೊಡುತ್ತದೆ, ಆನ್ ಇರುವ ಪ್ರಿಂಟರನ್ನೂ ಆಗಾಗ ‘ಆಫ್‌ಲೈನ್’ ಎನ್ನುವುದರಲ್ಲಿ ಅದಕ್ಕೆ ಕೆಟ್ಟ ಹೆಸರಿದೆ. ಐಪಿ ಮೂಲಕ ಸೇರಿಸಿದ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟ್ ಗಟ್ಟಿ.

ಆದರೆ ಇದಕ್ಕೊಂದು ಷರತ್ತಿದೆ. ರೂಟರ್ ಕೊಡುವ ವಿಳಾಸ ಬಾಡಿಗೆಯ ಲೆಕ್ಕದ್ದು, ಅವಧಿ ಮುಗಿದ ಮೇಲೆ ಬೇರೆ ಬರಬಹುದು. ನಿನ್ನೆ ಮುದ್ರಿಸಿದ ಪ್ರಿಂಟರ್ ಇವತ್ತು ‘ಆಫ್‌ಲೈನ್’ ಆಗುವುದಕ್ಕೆ ದೊಡ್ಡ ಕಾರಣ ಇದೇ: ಪ್ರಿಂಟರ್ 192.168.1.23ರಿಂದ 192.168.1.31ಕ್ಕೆ ಹೋಗಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಪುಟ ಕಳಿಸುತ್ತಿರುತ್ತದೆ. ಇದನ್ನು ತಪ್ಪಿಸಲು ರೂಟರಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಖಾಯಂ ಮಾಡಿ. ರೂಟರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಪ್ರಿಂಟರಿನ ಮೆನುವಿನಲ್ಲೇ ವಿಳಾಸ ನಿಗದಿ ಮಾಡಬಹುದು. ಆಗ ಆ ವಿಳಾಸ ರೂಟರ್ ಹಂಚುವ ವ್ಯಾಪ್ತಿಯ ಹೊರಗಿರಬೇಕು. ರೂಟರ್ 192.168.1.100ರಿಂದ 192.168.1.200ರವರೆಗೆ ಹಂಚುತ್ತಿದ್ದರೆ ಪ್ರಿಂಟರಿಗೆ 192.168.1.50 ಕೊಡಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಜಾಗದಲ್ಲಿ ರೂಟರಿನ ವಿಳಾಸ. ವ್ಯಾಪ್ತಿಯ ಒಳಗಿನದನ್ನು ಕೊಟ್ಟರೆ ಮುಂದೊಂದು ದಿನ ಅದೇ ವಿಳಾಸ ಯಾರದೋ ಫೋನಿಗೂ ಹೋಗಿ ಎರಡೂ ತಿಕ್ಕಾಡುತ್ತವೆ.

ಕೆಲಸ ಮಾಡುತ್ತಿದ್ದದ್ದು ನಿಂತಾಗ

ವಿಳಾಸ ಸರಿಯಿದ್ದೂ ವಿಂಡೋಸ್ ‘ಆಫ್‌ಲೈನ್’ ಎಂದರೆ ಮೊದಲು ಪಟ್ಟಿಯಲ್ಲಿ ಒಂದೇ ಪ್ರಿಂಟರಿನ ಎರಡು ಮೂರು ಪ್ರತಿಗಳಿವೆಯೇ ನೋಡಿ. ಪ್ರತಿ ಸಲ ಮರುಜೋಡಿಸಿದಾಗಲೂ ಹೊಸ ಪ್ರತಿ ಹುಟ್ಟಿಕೊಂಡು, ಹಳೆಯ ಸತ್ತ ಪ್ರತಿಯೇ ಡೀಫಾಲ್ಟ್ ಆಗಿ ಉಳಿದಿರುತ್ತದೆ. ಹಳೆಯದನ್ನೆಲ್ಲ ತೆಗೆಯಿರಿ. ಆಮೇಲೆ ಪೋರ್ಟಿನ ಸೆಟ್ಟಿಂಗಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಮುಂದಿನ ಗುರುತನ್ನು ತೆಗೆದು ನೋಡಿ. ಎಸ್‌ಎನ್‌ಎಂಪಿ ಎಂದರೆ ಪ್ರಿಂಟರಿನ ಸ್ಥಿತಿ ಹೇಗಿದೆ ಎಂದು ಕೇಳುವ ವಿಧಾನ. ಪ್ರಿಂಟರ್ ಆ ಪ್ರಶ್ನೆಗೆ ಉತ್ತರಿಸದಿದ್ದರೆ ವಿಂಡೋಸ್ ಅದು ಆಫ್ ಆಗಿದೆ ಎಂದು ತೀರ್ಮಾನಿಸಿಬಿಡುತ್ತದೆ. ಸರತಿಯಲ್ಲಿ ಒಂದು ಫೈಲು ಸಿಕ್ಕಿಕೊಂಡು ಅಳಿಸಲೂ ಬಾರದಿದ್ದರೆ ವಿಂಡೋಸ್‌ನ ‘ಸರ್ವಿಸಸ್’ ತೆರೆದು, ಸರತಿ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಅನ್ನು ರೀಸ್ಟಾರ್ಟ್ ಮಾಡಿ.

ಬಹಳ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಕೈಕೊಡುತ್ತಿದ್ದರೆ ಪ್ರಿಂಟರಿನ ‘ಆಟೋ ಆಫ್’ ಆಯ್ಕೆ ತೆಗೆಯಿರಿ, ನಿದ್ರಾಸ್ಥಿತಿಗೆ ಹೋಗುವ ಮುಂಚಿನ ಅವಧಿ ಹೆಚ್ಚಿಸಿ, ಫರ್ಮ್‌ವೇರ್ (ಪ್ರಿಂಟರಿನ ಒಳಗಿನ ತಂತ್ರಾಂಶ) ಹೊಸದಾಗಿಸಿ. ದೊಡ್ಡ ಫೋಟೊ ಅರ್ಧಕ್ಕೆ ನಿಂತು ಚಿಕ್ಕ ಕಡತ ಸರಾಗವಾಗಿ ಬರುತ್ತಿದ್ದರೆ ಸಿಗ್ನಲ್ ನೋಡಬೇಕು. ಹಾಳೆಯಲ್ಲಿ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿದ್ದರೆ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) -50 ಆಸುಪಾಸು ಚೆನ್ನ, -67ರವರೆಗೆ ಚಿಂತೆಯಿಲ್ಲ, -80ಕ್ಕೆ ಇಳಿದರೆ ಜಾಗ ಬದಲಿಸಲೇಬೇಕು. ಲೋಹದ ಬೀರುವಿನ ಮಗ್ಗುಲು, ಮೈಕ್ರೋವೇವ್ ಒಲೆಯ ಪಕ್ಕ ಎರಡೂ ಕೆಟ್ಟ ಜಾಗಗಳು. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಕೂಡ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ, ಅವನ್ನು ಪ್ರಿಂಟರಿನಿಂದ ದೂರ ಸರಿಸಿ. ರೂಟರಿನ ಚಾನೆಲ್ ‘ಆಟೋ’ ಬದಲು 1, 6, 11ರಲ್ಲಿ ಒಂದಕ್ಕೆ ನಿಲ್ಲಿಸುವುದರಿಂದ ಒಂದು ಉಪಕಾರವಿದೆ: ಆಟೋದಲ್ಲಿ ರೂಟರ್ 12 ಅಥವಾ 13ಕ್ಕೆ ಹೋದರೆ 11ರವರೆಗೆ ಮಾತ್ರ ಬಲ್ಲ ಪ್ರಿಂಟರಿಗೆ ವೈಫೈ ಮಾಯವಾಗುತ್ತದೆ.

ಹೊಸ ರೂಟರ್ ಬಂದಾಗ ಪ್ರಿಂಟರನ್ನು ಮತ್ತೆ ಸೆಟಪ್ ಮಾಡಬೇಕಿಲ್ಲ. ಹೊಸದಕ್ಕೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಭದ್ರತೆಯ ಬಗೆಯನ್ನೇ ಅಕ್ಷರಶಃ ಕೊಟ್ಟರೆ ಪ್ರಿಂಟರ್ ತಾನಾಗಿ ಸೇರಿಕೊಳ್ಳುತ್ತದೆ. ವಿಳಾಸದ ರಿಸರ್ವೇಶನ್ ಮಾತ್ರ ಹೊಸದಾಗಿ ಮಾಡಬೇಕು.

ಭದ್ರತೆಯ ಕಡೆಯಿಂದ ಮಾಡಲೇಬೇಕಾದವು ಕೆಲವಿವೆ. ಪ್ರಿಂಟರಿನ ವೆಬ್ ಪುಟಕ್ಕೆ ಕಾರ್ಖಾನೆ ಕೊಟ್ಟ ಪಾಸ್‌ವರ್ಡ್ ಬದಲಿಸಿ. ವೈಫೈ ಡೈರೆಕ್ಟ್ (ರೂಟರ್ ಇಲ್ಲದೆ ಪ್ರಿಂಟರಿಗೆ ನೇರವಾಗಿ ಸೇರುವ ವೈಫೈ) ಬಳಸದಿದ್ದರೆ ಆಫ್ ಮಾಡಿ, ಬಳಸುವುದಾದರೆ ಅದರ ಪಾಸ್‌ವರ್ಡನ್ನೂ ಬದಲಿಸಿ. ಹೊರಗಿನಿಂದ ಮುದ್ರಿಸುವ ಆಸೆಗೆ ರೂಟರಿನಲ್ಲಿ, ಪ್ರಿಂಟರುಗಳು ಪುಟ ಪಡೆಯುವ ಬಾಗಿಲುಗಳಾದ 9100 ಅಥವಾ 631 ಪೋರ್ಟನ್ನು ಇಂಟರ್ನೆಟ್ಟಿಗೆ ಎಂದೂ ತೆರೆಯಬೇಡಿ. ತೆರೆದರೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನಿಮ್ಮ ಪ್ರಿಂಟರಿಗೆ ಪುಟ ಕಳಿಸಬಹುದು. ಪ್ರಿಂಟರನ್ನು ಮಾರುವಾಗ, ಕೊಟ್ಟುಬಿಡುವಾಗ ಅಥವಾ ರಿಪೇರಿಗೆ ಬಿಡುವಾಗ ನೆಟ್‌ವರ್ಕ್ ಸೆಟ್ಟಿಂಗ್ ಪೂರ್ತಿ ಅಳಿಸಿ, ಏಕೆಂದರೆ ನಿಮ್ಮ ವೈಫೈ ಪಾಸ್‌ವರ್ಡ್ ಅದರೊಳಗೆ ಉಳಿದಿರುತ್ತದೆ. ಅಳಿಸಿದ ಮೇಲೆ ನೆಟ್‌ವರ್ಕ್ ಹಾಳೆಯನ್ನು ಇನ್ನೊಮ್ಮೆ ಮುದ್ರಿಸಿ, ವೈಫೈ ಹೆಸರಿನ ಸಾಲು ಖಾಲಿಯಾಗಿದೆಯೇ ನೋಡಿ.